ಹಂಸದ ಹೊಲ

"ಅಮ್ಮಾ, ಉಪ್ಪು ಈ ಕಡೆ ಕೊಡೋಕೆ ಅವಳಿಗೆ ಹೇಳು," ಎಂದ ಮ್ಯಾಲಕಿ.

ಉಪ್ಪಿನ ಡಬ್ಬಿ ಮಗಳು ಓರ್ಲಾಳ ಮೊಣಕೈ ಪಕ್ಕದಲ್ಲೇ ಇತ್ತು. ಅಪ್ಪ ಮಗಳ ನಡುವೆ ಇದ್ದದ್ದು ಎರಡು ಗೇಣು ಮೇಜು, ಒಂದು ಬೋಗುಣಿ ಬೇಯಿಸಿದ ಆಲೂಗಡ್ಡೆ. ಆದರೂ ಮಾತು ಮಾತ್ರ ಮೇಜಿನ ಆ ತುದಿಯಲ್ಲಿ ಒಲೆಗೆ ಬೆನ್ನು ಕೊಟ್ಟು ಕೂತಿದ್ದ ಎಂಬತ್ತಮೂರರ ಡಿಂಪ್ನಾಜ್ಜಿಯನ್ನು ಸುತ್ತು ಹಾಕಿಕೊಂಡೇ ಬರಬೇಕಿತ್ತು.

"ಓರ್ಲಾ, ನಿಮ್ಮಪ್ಪನಿಗೆ ಉಪ್ಪು ಬೇಕಂತೆ."

"ಡಾಕ್ಟರು ಉಪ್ಪು ಕಮ್ಮಿ ಮಾಡು ಅಂದಿದಾರಲ್ಲ ಅಂತ ಹೇಳು ಅಜ್ಜಿ."

"ನನ್ನ ಕೆಲಸ ತೆಗೆಸಿದ್ದಾಯ್ತು, ಈಗ ಉಪ್ಪಿಗೂ ಬಂದಳಾ ಅಂತ ಕೇಳಮ್ಮ."

"ನನ್ನ ಬಾಯಿ ಏನು ಅಂಚೆ ಡಬ್ಬಿನಾ?" ಎಂದು ಅಜ್ಜಿ ಗದರಿದಳು. ಕೊನೆಗೆ ಉಪ್ಪನ್ನು ಎತ್ತಿ ಕುಕ್ಕಿದವಳು ಮ್ಯಾಲಕಿಯ ಹೆಂಡತಿ ಬ್ರೀಡಾ. ಊರಿನ ಮುದುಕ ಮುದುಕಿಯರ ಮನೆಗೆ ಹೋಗಿ ಅವರಿಗೆ ಸ್ನಾನ ಮಾಡಿಸಿ, ಊಟ ಕೊಟ್ಟು ಬರುವುದು ಅವಳ ಕೆಲಸ. ತನ್ನ ಮನೆಯಲ್ಲಿರುವಷ್ಟು ಮೊಂಡರು ಬೇರೆಲ್ಲೂ ಸಿಗಲಿಲ್ಲ ಎಂದು ಅವಳು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಈ ಮೌನ ಶುರುವಾದದ್ದು ಮಾರ್ಚ್ ತಿಂಗಳಲ್ಲಿ. ಡೆರಿಕೂಲಾ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಜೌಗು ನೆಲ, ಒಣಗಿದರೆ ಕಟ್ಟಿಗೆಯಂತೆ ಉರಿಯುವ ಮಣ್ಣು. ಕಂಪನಿ ಎಪ್ಪತ್ತು ವರ್ಷ ಆ ಜೌಗನ್ನು ಬಸಿದು, ಒಣಗಿಸಿ, ಕೆರೆದು, ಕರೆಂಟು ಮಾಡುವವರಿಗೆ ಉರುವಲಾಗಿ ಕಳಿಸಿತ್ತು. ಮ್ಯಾಲಕಿ ಅದರಲ್ಲಿ ಮೂವತ್ತೆಂಟು ವರ್ಷ ಬಸಿಗಾಲುವೆ ತೋಡುವ ಯಂತ್ರ ಓಡಿಸಿದವನು. ಓರ್ಲಾ ಊರಿನ ಪ್ರಾಥಮಿಕ ಶಾಲೆಯ ಟೀಚರು. ಎರಡು ವರ್ಷದಿಂದ ಪ್ರತಿ ಶುಕ್ರವಾರ ಅವಳು ಹತ್ತು ಹನ್ನೆರಡು ಜನ ಗೆಳೆಯರ ಜೊತೆ 'ಜೌಗು ಸುಡಬೇಡಿ' ಎಂಬ ಬೋರ್ಡು ಹಿಡಿದು ಕಂಪನಿಯ ಗೇಟಿನ ಮುಂದೆ ನಿಲ್ಲುತ್ತಿದ್ದಳು. ಶಿಫ್ಟು ಮುಗಿಸಿದ ಅಪ್ಪ ಅದೇ ಗೇಟಿನಿಂದ ಗಾಡಿ ತರಬೇಕು. ಬೋರ್ಡಿನ ಹಿಂದೆ ಮಗಳು ಮುಖ ಮರೆಸುತ್ತಿದ್ದಳು, ಗಾಡಿಯೊಳಗೆ ಅಪ್ಪ ರೇಡಿಯೋ ತಿರುಗಿಸುತ್ತಿದ್ದ. ಮನೆಗೆ ಬಂದರೆ ಇಬ್ಬರೂ ಒಂದೇ ಪಾತ್ರೆಯ ಸೂಪು ಕುಡಿಯುತ್ತಿದ್ದರು. ಅಲ್ಲಿಯವರೆಗೂ ಹೇಗೋ ನಡೆದಿತ್ತು.

ಮಾರ್ಚಿನಲ್ಲಿ ಕಂಪನಿಯಿಂದ ಕಾಗದ ಬಂತು. ಇನ್ನು ಜೌಗು ಕೆರೆಯುವುದಿಲ್ಲ. ಚಳಿಗಾಲದ ಹೊತ್ತಿಗೆ ನಲವತ್ತೊಂದು ಮಂದಿಯೂ ಮನೆಗೆ. ಒಣಗಿದ ಜೌಗಿಗೆ ಮತ್ತೆ ನೀರು ತುಂಬಿಸುತ್ತಾರೆ. ನೆನೆದ ಜೌಗು ತನ್ನೊಳಗಿನ ಇಂಗಾಲವನ್ನು ಗಾಳಿಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದಂತೆ. ಆ ಕೆಲಸವನ್ನು ಡಬ್ಲಿನ್ನಿನ ಒಬ್ಬ ಗುತ್ತಿಗೆದಾರನಿಗೆ ಕೊಟ್ಟಾಗಿದೆ. ಗುತ್ತಿಗೆದಾರ ಎಲ್ಲೆಲ್ಲಿಂದಲೋ ದಿನಗೂಲಿಯ ಹುಡುಗರನ್ನು ತಂದು ತಗಡಿನ ಗೂಡುಗಳಲ್ಲಿ ಇಟ್ಟ.

"ನಾವು ಕೇಳಿದ್ದು ಇದಲ್ಲ," ಎಂದಳು ಓರ್ಲಾ ಆ ದಿನ ಕಾಗದ ಓದಿ. "ಕೆರೆಯೋದು ನಿಲ್ಲಿಸಿ, ನೆನೆಸೋ ಕೆಲಸ ಇಲ್ಲಿಯವರಿಗೇ ಕೊಡಿ ಅಂತ ಬರೆದುಕೊಟ್ಟಿದ್ವಿ."

"ನೀವು ಕೇಳಿದ್ರಲ್ಲಿ ಅರ್ಧ ಕೊಟ್ಟಿದಾರೆ," ಎಂದಿದ್ದ ಮ್ಯಾಲಕಿ. ಅವಳ ಮುಖ ನೋಡಿ ಆಡಿದ ಕೊನೆಯ ಮಾತು ಅದೇ. ಆಮೇಲೆ ಎಲ್ಲ ಅಜ್ಜಿಯ ಮೂಲಕ.

"ಜೌಗಿನ ಹೆಂಟೆ ಸುಡಬಾರದು ಅನ್ನೋಳು ಹೆಂಟೆ ಒಲೆ ಮುಂದೆ ಕಾಲು ಕಾಯಿಸ್ತಾ ಕೂತಿದಾಳಲ್ಲ, ಯಾಕೆ ಅಂತ ಕೇಳಮ್ಮ," ಎಂದು ಒಂದು ಸಂಜೆ ಕುಟುಕಿದ. ಓರ್ಲಾ ಎದ್ದು ಹೋಗಿ ಕೋಟು ಹಾಕಿಕೊಂಡು ಮೆಟ್ಟಿಲ ಕೆಳಗಿನ ಥಂಡಿಯಲ್ಲಿ ಕೂತು ಮಕ್ಕಳ ಪುಸ್ತಕ ತಿದ್ದಿದಳು. ಅವಳೂ ಅವನದೇ ಮಗಳು.

ಆ ಒಲೆಯ ವಿಷಯ ಬೇರೆಯೇ. ಅದರ ಕಿಚ್ಚು ಡಿಂಪ್ನಾಳ ತವರಿನದು. ಅರವತ್ತೊಂದು ವರ್ಷದ ಹಿಂದೆ ಮದುವೆಯಾಗಿ ಬರುವಾಗ ಅವಳ ಅಮ್ಮ ತನ್ನ ಒಲೆಯ ಕೆಂಡಗಳನ್ನು ಕಬ್ಬಿಣದ ಬಕೀಟಿಗೆ ತುಂಬಿ, ಮೇಲೆ ಬೂದಿ ಹೊದಿಸಿ ಕೊಟ್ಟಿದ್ದಳು. ಹೊಸ ಮನೆಗೆ ಹಳೆ ಮನೆಯ ಕೆಂಡ ಕೊಡುವುದು ಆ ಕಡೆಯ ಪದ್ಧತಿ. ನಾಲ್ಕು ಮೈಲಿ ಕುದುರೆಗಾಡಿಯಲ್ಲಿ ಬಕೀಟನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಬಂದ ಮದುಮಗಳ ಲಂಗದಂಚು ಸುಟ್ಟಿತ್ತು ಎಂದು ಊರೆಲ್ಲ ನಕ್ಕಿತ್ತಂತೆ. ಅಂದಿನಿಂದ ಆ ಕಿಚ್ಚು ಆರಿಲ್ಲ. ಸಂಜೆ ಬೂದಿ ಮುಚ್ಚುವುದು, ಬೆಳಿಗ್ಗೆ ಬೂದಿ ಸರಿಸಿ ಹೆಂಟೆ ಇಡುವುದು. ಹೆಂಟೆ ಮನೆಯದೇ. ಜೌಗಿನ ಅಂಚಿನಲ್ಲಿ ಒಂದೊಂದು ಮನೆಗೂ ಒಂದೊಂದು ದಂಡೆ; ಬೇಸಿಗೆಯಲ್ಲಿ ಅಲ್ಲಿ ಹಸಿ ಜೌಗುಮಣ್ಣನ್ನು ಹೆಂಟೆ ಹೆಂಟೆಯಾಗಿ ಕೊಯ್ದು, ಒಂದಕ್ಕೊಂದು ಒರಗಿಸಿ ಒಣಗಿಸಿದರೆ ಚಳಿಗಾಲಕ್ಕೆ ಆಯಿತು.

ಮೇ ತಿಂಗಳ ಒಂದು ಮಧ್ಯಾಹ್ನ. ಹಂದಿಮಾಂಸ, ಕ್ಯಾಬೇಜು, ಅದೇ ಆಲೂಗಡ್ಡೆ.

"ಒಂಬತ್ತನೇ ನಂಬರಿನ ಹೊಲದಲ್ಲಿ ನೀರು ನಿಲ್ತಾನೇ ಇಲ್ಲವಂತೆ ಅಮ್ಮ," ಎಂದಳು ಓರ್ಲಾ. "ನೂರಿಪ್ಪತ್ತು ಒಡ್ಡು ಹಾಕಿದಾರೆ. ಮಳೆ ಬೇರೆ ಹೊಯ್ತಾನೇ ಇದೆ. ಆದರೂ ನೆಲ ಒಣಕಲು. ನೀರು ಎಲ್ಲಿಗೆ ಹೋಗ್ತಿದೆ ಅಂತ ಅವರ ನಕ್ಷೆಯಲ್ಲೂ ಗೊತ್ತಾಗ್ತಿಲ್ಲ."

"ಹಂಸದ ಹೊಲದಲ್ಲಿ ನೀರು ನಿಲ್ಲಲ್ವಾ?" ಎಂದು ಅಜ್ಜಿ ಕಣ್ಣರಳಿಸಿದಳು. "ನಾನು ಎಂಟು ವರ್ಷದವಳಿದ್ದಾಗ ಅದು ಕೆರೆ. ಆ ತುದಿಯಿಂದ ಈ ತುದಿಗೆ ನೀರು. ಚಳಿಗಾಲಕ್ಕೆ ಹಂಸಗಳು ಇಳೀತಿದ್ವು. ಅವುಗಳ ಗಲಾಟೆಗೆ ಪಾದ್ರಿಗಳ ಪ್ರವಚನ ಕೇಳ್ತಿರಲಿಲ್ಲ."

"ಶುರುವಾಯ್ತು ಹಂಸಪುರಾಣ," ಎಂದಳು ಬ್ರೀಡಾ. ಕಂಪನಿಯವರಿಗೆ ಅದು ಒಂಬತ್ತನೇ ನಂಬರು, ಡಿಂಪ್ನಾಳಿಗೆ ಮಾತ್ರ ಹಂಸದ ಹೊಲ. ಅಲ್ಲಿ ಕೆರೆ ನೋಡಿದವರು ಊರಿನಲ್ಲಿ ಬೇರೆ ಯಾರೂ ಬದುಕಿರಲಿಲ್ಲ, ಹಾಗಾಗಿ ನಂಬುವವರೂ ಇರಲಿಲ್ಲ.

ಬ್ರೀಡಾ ನಗುತ್ತಲೇ ಗಂಡನ ಕಡೆ ನೋಡಿದಳು. ಅವನು ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ನಿಲ್ಲಿಸಿದ್ದ.

ಸಂಜೆ ಒಗೆದ ದುಪ್ಪಡಿಗಳನ್ನು ಮಡಿಸುವಾಗ ಅವಳು ಗಂಡನನ್ನು ಹಿಡಿದುಕೊಂಡಳು. ದುಪ್ಪಡಿಯ ಎರಡು ಮೂಲೆ ಅವನ ಕೈಯಲ್ಲಿ, ಎರಡು ಇವಳ ಕೈಯಲ್ಲಿ, ಓಡಿಹೋಗುವ ಹಾಗಿರಲಿಲ್ಲ.

"ನೀರು ಎಲ್ಲಿಗೆ ಹೋಗ್ತಿದೆ ಮ್ಯಾಲಕಿ?"

"ನನಗೇನು ಗೊತ್ತು?"

"ಇಪ್ಪತ್ತೆಂಟು ವರ್ಷ ನಿನ್ನ ಜೊತೆ ಉಂಡಿದೀನಿ. ನೀನು ಅಗಿಯೋದು ನಿಲ್ಲಿಸಿದ್ದು ಎರಡೇ ಸಲ. ಒಂದು ಓರ್ಲಾ ಹುಟ್ಟಿದ ದಿನ."

ಅವನು ದುಪ್ಪಡಿ ನೋಡುತ್ತ ಹೇಳಿದ. ಎಂಬತ್ತೇಳನೇ ಇಸವಿಯ ಬೇಸಿಗೆ ಪೂರ್ತಿ ಮಳೆ. ಒಂಬತ್ತನೇ ನಂಬರು ಒಣಗಲೊಲ್ಲದು. ಮೇಸ್ತ್ರಿ ಗಾರ್ವೆಗೆ ಮೇಲಿನವರ ಕಾಟ. ಕೊನೆಗೆ ಮೇಸ್ತ್ರಿಯೂ ಇವನೂ ಸೇರಿ ಮೂರು ದಿನದಲ್ಲಿ ಹೊಲದಡಿಗೆ ಮಣ್ಣಿನ ಕೊಳವೆಗಳನ್ನು ಹೂತರು. ಯಾವ ನಕ್ಷೆಯಲ್ಲೂ ಬರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಗಾರ್ವೆ ಸತ್ತು ಹನ್ನೆರಡು ವರ್ಷವಾಯಿತು.

"ಎಲ್ಲ ಕೊಳವೆಗೂ ಸೇರಿ ಒಂದೇ ಬಾಯಿ," ಎಂದ. "ಅದನ್ನ ಮುಚ್ಚಿದ್ರೆ ಆಯ್ತು. ಹೊಲ ತುಂಬುತ್ತೆ."

"ಎಲ್ಲಿದೆ ಬಾಯಿ?"

ಅವನು ದುಪ್ಪಡಿಯ ಮೂಲೆಗೆ ಮೂಲೆ ಸೇರಿಸಿದ. "ನಮ್ಮ ದಂಡೆ ಕೆಳಗೆ."

ಇಪ್ಪತ್ತಮೂರರ ಹುಡುಗನ ಬುದ್ಧಿ. ಕಂಪನಿಯ ಕೊಳವೆ ಹೇಗೂ ಹಾಕುತ್ತಿದ್ದೇವೆ, ನಮ್ಮ ಮನೆಯ ದಂಡೆಯೂ ಪುಕ್ಕಟೆ ಒಣಗಲಿ ಎಂದು ಅವನೇ ಗಾರ್ವೆಗೆ ಆ ಇಳಿಜಾರು ತೋರಿಸಿದ್ದ. ಅಂದಿನಿಂದ ಊರಿನಲ್ಲೆಲ್ಲ ಒಳ್ಳೆ ಹೆಂಟೆ ಇವರ ಮನೆಯದೇ. ಈಗ ಬಾಯಿ ಮುಚ್ಚಿದರೆ ಮೊದಲು ಮುಳುಗುವುದೂ ಇವರ ದಂಡೆಯೇ. ದಂಡೆ ಹೋದರೆ ಹೆಂಟೆ ಇಲ್ಲ, ಹೆಂಟೆ ಇಲ್ಲದಿದ್ದರೆ ಅಮ್ಮನ ಕಿಚ್ಚು ಇಲ್ಲ.

"ನಲವತ್ತೊಂದು ಮನೆ ಕೆಲಸ ಹೋಗ್ತಿದೆ," ಎಂದಳು ಬ್ರೀಡಾ. "ನೀರು ನಿಲ್ಲಿಸೋ ವಿದ್ಯೆ ನಿಮಗೆ ಗೊತ್ತು ಅಂತ ತೋರಿಸಿದ್ರೆ ಕಂಪನಿ ಬಾಯಿ ಮುಚ್ಚುತ್ತೆ. ನೀನು ನೋಡಿದ್ರೆ ಆ ಬಾಯಿ ಮುಚ್ಚಲ್ಲ ಅಂತ ಕೂತಿದೀಯ!"

"ಅಮ್ಮನಿಗೆ ಎಂಬತ್ತಮೂರು. ಆ ಒಲೆ ಆರಿದ ದಿನ ಅವಳೂ…" ಅವನು ದುಪ್ಪಡಿಯ ಸುಕ್ಕು ಎಳೆದ. "ಅವಳಿಗೆ ಹೇಳಬೇಡ. ಓರ್ಲಾಗಂತೂ ಬೇಡವೇ ಬೇಡ."

ಬ್ರೀಡಾ ದುಪ್ಪಡಿ ಕಿತ್ತುಕೊಂಡು ಒಳಗೆ ಹೋದಳು. ಮೂರು ದಿನ ಅವನ ಊಟ ತಣ್ಣಗಿತ್ತು.

ಜೂನ್ ಬಂತು. ಓರ್ಲಾ ಶಾಲೆ ಮುಗಿಸಿ ಮನೆಗೆ ಬರುತ್ತಿರಲಿಲ್ಲ. ಸೈಕಲ್ ಹತ್ತಿ ಕೆಲಸಗಾರರ ಮನೆ ಮನೆಗೆ ಹೋಗುತ್ತಿದ್ದಳು. ಕೆಲವು ಕಡೆ ಚಹಾ ಕೊಟ್ಟರು, ಕೆಲವು ಕಡೆ ಬಾಗಿಲು ಹಾಕಿಕೊಂಡರು. ಚರ್ಚಿನ ಅಂಗಳದಲ್ಲಿ ಮ್ಯಾಲಕಿಯ ಜೊತೆಗಾರ ಕ್ರಿಸ್ಟಿ ಕೆಣಕಿದ: "ನಿನ್ನ ಮಗಳು ನಮ್ಮನೆಗೂ ಬಂದಿದ್ಲಪ್ಪ. ನಮ್ಮನ್ನ ಮನೆಗೆ ಕಳಿಸೋಕೆ ಮೊದಲು ಆ ಮನೆ ಹೇಗಿದೆ ಅಂತ ನೋಡೋಕೆ!" ಮ್ಯಾಲಕಿ ಟೋಪಿ ಕೆಳಗೆಳೆದುಕೊಂಡು ಬಂದುಬಿಟ್ಟ.

ತಿಂಗಳ ಕೊನೆಯಲ್ಲಿ ಚರ್ಚಿನ ಹಾಲಿನಲ್ಲಿ ಸಭೆ. ಯೂನಿಯನ್ನು ಮತ್ತು ಓರ್ಲಾಳ ಬಳಗ ಸೇರಿ ಕರೆದದ್ದು. ಎರಡು ವರ್ಷ ಗೇಟಿನ ಆಚೆ ಈಚೆ ನಿಂತು ಗುರಾಯಿಸಿದವರು ಮೊದಲ ಸಲ ಒಂದೇ ಕಡೆ ಕುರ್ಚಿ ಹಾಕಿಕೊಂಡಿದ್ದರು. ಬ್ರೀಡಾ ಎರಡು ತಟ್ಟೆ ತುಂಬ ಮೊಟ್ಟೆಯ ಸ್ಯಾಂಡ್‌ವಿಚ್ ಮಾಡಿ ತಂದಿದ್ದಳು. ಮ್ಯಾಲಕಿ ಎಲ್ಲಕ್ಕಿಂತ ಹಿಂದೆ, ಬಾಗಿಲ ಪಕ್ಕ ನಿಂತ.

ಕಂಪನಿಯಿಂದ ಬಂದವನು ಲಾಫ್ಟಸ್. ಒಳ್ಳೆಯ ಶೂ, ಮೆತ್ತನೆ ದನಿ. "ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತೆ. ಆದರೆ ಜೌಗು ನೆನೆಸೋದು ತಜ್ಞರ ಕೆಲಸ. ಜೀವಮಾನವೆಲ್ಲ ಒಣಗಿಸಿದವರು ಅದನ್ನ ಒಂದೇ ದಿನಕ್ಕೆ ಕಲಿಯೋಕಾಗಲ್ಲ."

ಓರ್ಲಾ ಎದ್ದು ನಿಂತಳು. ಕೈಯಲ್ಲಿ ಶಾಲೆಯ ಹಾಜರಿ ಪುಸ್ತಕದಂಥ ಒಂದು ಪುಸ್ತಕ. ಮೊದಲ ಪುಟ ತಿರುವಿದಳು.

"ಕ್ರಿಸ್ಟಿ. ಇಪ್ಪತ್ತೊಂಬತ್ತು ವರ್ಷ. ಬೂಟುಗಾಲಿನಲ್ಲಿ ಒಮ್ಮೆ ತುಳಿದರೆ ಅಡಿಯಲ್ಲಿ ಎಷ್ಟು ಅಡಿ ಜೌಗಿದೆ ಅಂತ ಹೇಳ್ತಾರೆ. ಅಳತೆ ಹಾಕಿ ನೋಡಿದ್ವಿ, ಒಂದು ಗೇಣು ಹೆಚ್ಚುಕಮ್ಮಿ ಅಷ್ಟೇ. ಬರ್ನಿ. ಮೂವತ್ತಮೂರು ವರ್ಷ. ಒಂದು ಸಲವೂ ಯಂತ್ರವನ್ನ ಕೆಸರಲ್ಲಿ ಹೂಳಿಸಿಲ್ಲ. ಗುತ್ತಿಗೆದಾರರು ಎರಡು ತಿಂಗಳಲ್ಲಿ ನಾಲ್ಕು ಹೂಳಿಸಿದಾರೆ."

ಹಾಲಿನಲ್ಲಿ ನಗೆ. ಅವಳು ಓದುತ್ತ ಹೋದಳು, ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ವರ್ಷ, ಒಬ್ಬೊಬ್ಬರಿಗೆ ಗೊತ್ತಿದ್ದ ಒಂದೊಂದು ವಿದ್ಯೆ. ಬಾಗಿಲು ಹಾಕಿಕೊಂಡವರ ಹೆಸರೂ ಇತ್ತು. ಗಂಡಸರು ನೆಲ ನೋಡುತ್ತಿದ್ದರು. ತಮ್ಮ ಕೆಲಸವನ್ನು ಯಾರಾದರೂ ಹೀಗೆ ಗಟ್ಟಿಯಾಗಿ ಓದಿದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮ್ಯಾಲಕಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಈ ಹುಡುಗಿ ಇಷ್ಟನ್ನೆಲ್ಲ ಯಾವಾಗ ನೋಡಿದಳು? ಇವಳು ನಮ್ಮನ್ನು ಇಷ್ಟು ನೋಡಿದ್ದಳೇ?

"ಕೊನೆಯದು, ಮ್ಯಾಲಕಿ," ಎಂದಳು ಓರ್ಲಾ. "ಮೂವತ್ತೆಂಟು ವರ್ಷ. ಇವರ ಮನೆಗೆ ಹೋಗಿ ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ಅಜ್ಜಿ ಹೇಳಿದ್ದನ್ನ ಬರ್ಕೊಂಡಿದೀನಿ. 'ಈ ಜೌಗಿನಲ್ಲಿ ನೀರು ಎತ್ತ ಹರಿಯುತ್ತೆ ಅಂತ ದೇವರಿಗೆ ಗೊತ್ತು, ಆಮೇಲೆ ನನ್ನ ಮಗನಿಗೆ.'"

ಎಲ್ಲರೂ ಹಿಂತಿರುಗಿ ನೋಡಿದರು. ಲಾಫ್ಟಸ್ ಮುಗುಳ್ನಕ್ಕ. "ಚೆನ್ನಾಗಿದೆ. ಆದರೆ ಒಂಬತ್ತನೇ ನಂಬರಿನ ನೀರು ಎಲ್ಲಿಗೆ ಹೋಗ್ತಿದೆ ಅಂತ ತಜ್ಞರಿಗೇ ಸಿಕ್ಕಿಲ್ಲ."

"ನನಗೆ ಗೊತ್ತು," ಎಂದ ಮ್ಯಾಲಕಿ.

ಬಾಯಿಂದ ಬಿದ್ದ ಮಾತು. ಬ್ರೀಡಾ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನಿಂತಲ್ಲೇ ನಿಂತಳು.

"ಹಾಗಾದ್ರೆ ಹೇಳಿ."

"ಕೆಲಸ ನಮ್ಮವರಿಗೆ ಕೊಡಿ. ಆ ದಿನಗೂಲಿ ಹುಡುಗರಿಗೂ ನಮ್ಮಷ್ಟೇ ಕೂಲಿ ಕೊಟ್ಟು, ಯೂನಿಯನ್ನಿಗೆ ಸೇರಿಸಿ. ಆಗ ಹೇಳ್ತೀನಿ."

"ಮೊದಲು ಒಂಬತ್ತನೇ ನಂಬರಿನಲ್ಲಿ ನೀರು ನಿಲ್ಲಿಸಿ ತೋರಿಸಿ," ಎಂದ ಲಾಫ್ಟಸ್. "ಆಗ ನೀವು ಕೇಳಿದ್ದಕ್ಕೆ ಸಹಿ ಹಾಕ್ತೀನಿ."

"ಇದಕ್ಕೆ ಈಗಲೇ ಸಹಿ ಹಾಕಿ," ಎಂದು ಬರ್ನಿ ಮೇಜಿನ ಮೇಲಿದ್ದ ಬಿಂಗೋ ಆಟದ ಹಾಳೆಯ ಹಿಂಬದಿಯಲ್ಲಿ ಆ ಮಾತನ್ನು ಬರೆದು ಮುಂದೆ ಹಿಡಿದಳು. ಯೂನಿಯನ್ನಿನ ಕಾರ್ಯದರ್ಶಿ ಅವಳು. ನೂರೈವತ್ತು ಜನರ ಮುಂದೆ ಲಾಫ್ಟಸ್ ಪೆನ್ನು ತೆಗೆಯದೆ ವಿಧಿಯಿರಲಿಲ್ಲ.

ಮ್ಯಾಲಕಿ ಒಂದು ಗಂಟೆ ಸುಮ್ಮನೆ ಸುತ್ತಾಡಿ ಮನೆಗೆ ಬಂದ. ಅಷ್ಟರಲ್ಲಿ ಮೂವರು ನೆರೆಯವರು ಬಂದು ಡಿಂಪ್ನಾಳಿಗೆ ಎಲ್ಲ ಹೇಳಿಹೋಗಿದ್ದರು. ಜೂನಿನ ಸಂಜೆಯ ಬೆಳಕು ಇನ್ನೂ ಇತ್ತು. ಅವಳು ಒಲೆಯ ಮುಂದೆ ಮಂಡಿಯೂರಿ ಬೂದಿ ಮುಚ್ಚುತ್ತಿದ್ದಳು. ಬ್ರೀಡಾ, ಓರ್ಲಾ ಇಬ್ಬರೂ ಮೇಜಿನ ಹತ್ತಿರ ಕೂತಿದ್ದರು.

"ನೀರು ಎಲ್ಲಿಗೆ ಹೋಗ್ತಿದೆಯೋ?" ಎಂದಳು ಅಮ್ಮ, ತಿರುಗದೆ.

ಅವನು ಟೋಪಿ ತೆಗೆದು ಕೈಯಲ್ಲಿ ತಿರುವಿದ. ಆಮೇಲೆ ಹೇಳಿದ. ಕೊಳವೆ, ಗಾರ್ವೆ, ದಂಡೆ, ಎಲ್ಲ.

ಓರ್ಲಾಳ ಕೈ ಬಾಯಿಗೆ ಹೋಯಿತು. "ಅಜ್ಜಿ, ಬೇಡ. ಬೇರೆ ಏನಾದ್ರೂ ದಾರಿ ಇರುತ್ತೆ—"

"ಸುಮ್ಮನಿರೇ," ಎಂದಳು ಡಿಂಪ್ನಾ. "ಮ್ಯಾಲಕಿ, ನನ್ನನ್ನ ಎತ್ತು."

ಅವನು ತೋಳು ಹಿಡಿದು ಎತ್ತಿದ. ಮಂಡಿಗಳು ಲಟಕ್ ಎಂದವು. ಅವಳು ಮೇಜು ಹಿಡಿದು ನಿಂತು ಅವನನ್ನೇ ನೋಡಿದಳು.

"ಎಷ್ಟು ದಿನದಿಂದ ಇದನ್ನ ಹೊಟ್ಟೇಲಿಟ್ಕೊಂಡಿದೀಯ?"

"ಮೇ ತಿಂಗಳಿಂದ. ನಿನಗೆ ನೋವಾಗಬಾರದು ಅಂತ."

"ಅರವತ್ತೊಂದು ವರ್ಷ ಈ ಒಲೆಗೆ ಮಂಡಿಯೂರಿದೀನಿ ಕಣೋ. ದೇವರಿಗೂ ಅಷ್ಟು ಊರಿಲ್ಲ. ನಿನ್ನನ್ನ ಹೆತ್ತ ಮಾರನೇ ದಿನವೂ ಎದ್ದು ಬಂದು ಇದನ್ನ ಊದಿದೆ. ಬೇಕಾ ಬೇಡವಾ ಅಂತ ಒಬ್ಬರಾದರೂ ಕೇಳಿದ್ರಾ? ನಿಮ್ಮಪ್ಪ ಕೇಳಲಿಲ್ಲ. ನೀನೂ ಕೇಳಲಿಲ್ಲ. ಎರಡು ತಿಂಗಳು ನನ್ನ ಹೆಸರಲ್ಲಿ ಊರನ್ನೆಲ್ಲ ಒಣಗಿಸಿ ಕೂತಿದಾನೆ, ನೋಡ್ರೇ!"

"ಹಾಗಾದ್ರೆ ನಿನಗೆ ಅದು ಬೇಡವಾ?" ಮ್ಯಾಲಕಿಯ ದನಿ ಚಿಕ್ಕ ಹುಡುಗನದಾಗಿತ್ತು.

"ಬೇಡ ಅಂತ ಯಾರು ಅಂದ್ರು? ನನ್ನಮ್ಮ ಕೊಟ್ಟಿದ್ದು." ಅವಳ ಕಣ್ಣು ತುಂಬಿತು, ಸಿಟ್ಟೂ ಇಳಿಯಲಿಲ್ಲ. "ಕೇಳಿದ್ರೆ ಕೊಡ್ತಿದ್ದೆ. ಅಷ್ಟೇ. ಕೇಳೋದಕ್ಕೆ ನಿಮಗೆಲ್ಲ ಏನು ಬಂದಿದೆ?"

ಅವನು ಕೇಳಿದ. ಅರವತ್ತೊಂದು ವರ್ಷಕ್ಕೆ ಮೊದಲ ಸಲ ಆ ಮನೆಯಲ್ಲಿ ಯಾರೋ ಕೇಳಿದರು. ಅವಳು ಹೂಂ ಎಂದಳು.

ಜುಲೈ ಎರಡನೇ ಶನಿವಾರ ಊರಿಗೆ ಊರೇ ಮುಯ್ಯಾಳಿಗೆ ಬಂತು. ಹೆಂಟೆ ಕೊಯ್ಯಲು ಒಬ್ಬರ ದಂಡೆಗೆ ಇನ್ನೊಬ್ಬರು ಬರುವುದು ಅಲ್ಲಿ ಹಿಂದಿನಿಂದ ನಡೆದುಬಂದದ್ದು. ದಂಡೆ ಮುಳುಗಿಸಲು ಮುಯ್ಯಾಳು ಸೇರಿದ್ದು ಅದೇ ಮೊದಲು. ನಲವತ್ತೊಂದು ಮಂದಿ, ಅವರ ಹೆಂಡಿರು ಮಕ್ಕಳು, ಓರ್ಲಾಳ ಬಳಗದ ಹುಡುಗ ಹುಡುಗಿಯರು, ತಗಡಿನ ಗೂಡುಗಳಿಂದ ಹದಿಮೂರು ಜನ ಕೂಲಿಯವರು. ಬ್ರೀಡಾ ಟ್ರಾಕ್ಟರಿನ ಮೇಲೆ ಚಹಾದ ದೊಡ್ಡ ಪಾತ್ರೆ, ಸೋಡಾ ಬ್ರೆಡ್ಡು ಹೇರಿಕೊಂಡು ಬಂದಳು.

ಮ್ಯಾಲಕಿ ದಂಡೆಯ ಮೇಲೆ ಹದಿನೇಳು ಹೆಜ್ಜೆ ಎಣಿಸಿ ನಿಂತು, "ಇಲ್ಲಿ," ಎಂದ. ಎರಡು ಆಳು ಆಳ ಅಗೆದಾಗ ಕೊಳವೆಯ ಬಾಯಿ ಸಿಕ್ಕಿತು. ಮೂವತ್ತನಾಲ್ಕು ವರ್ಷದಿಂದ ಸುರಿಯುತ್ತಲೇ ಇದ್ದ ನೀರು, ಚಹಾದ ಬಣ್ಣ, ಹಿಮದ ಥಂಡಿ. ಎಲ್ಲರೂ ಒಂದು ಗಳಿಗೆ ಬಗ್ಗಿ ಅದು ಹರಿಯುವುದನ್ನು ನೋಡಿದರು.

ಆಮೇಲೆ ಸಾಲು ನಿಂತರು. ಹಸಿ ಜೌಗುಮಣ್ಣಿನ ಮುದ್ದೆ ಕೈಯಿಂದ ಕೈಗೆ ಬಂತು. ಕ್ರಿಸ್ಟಿಯ ಕೈಯಿಂದ ಬೋರ್ಡು ಹಿಡಿಯುತ್ತಿದ್ದ ಹುಡುಗಿಯ ಕೈಗೆ, ಅವಳಿಂದ ರೊಮೇನಿಯಾದ ಕೂಲಿಯವನಿಗೆ, ಅವನಿಂದ ಬರ್ನಿಗೆ. ಹಾಕಿದ್ದನ್ನು ಬೂಟುಗಾಲಿನಲ್ಲಿ ತುಳಿದು ಗಟ್ಟಿ ಮಾಡಬೇಕು.

"ಹೀಗಲ್ಲ ತಾಯಿ, ಕುಣೀಬೇಕು!" ಎಂದು ಕ್ರಿಸ್ಟಿ ಕೂಗಿದ. "ಗೇಟಿನ ಮುಂದೆ ಎರಡು ವರ್ಷ ನಿಂತು ಕಾಲು ಜೋಮು ಹಿಡಿದಿದೆ ನಿಮಗೆ!"

"ಎರಡು ವರ್ಷ ನಿಮ್ಮ ಗಾಡಿಗಳ ಹಾರನ್ ಕೇಳಿ ಕಿವಿನೂ ಹೋಗಿದೆ!" ಎಂದು ಓರ್ಲಾ ನಗುತ್ತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಹಸಿರು ಪಾಚಿಯ ಮೇಲೆ ಇಡಬಾರದ ಹೆಜ್ಜೆ ಅದು. ನೆಲ ಬಾಯಿಬಿಟ್ಟಿತು, ಕ್ಷಣದಲ್ಲಿ ತೊಡೆಯವರೆಗೆ, ಆಮೇಲೆ ಸೊಂಟದವರೆಗೆ ಹೂತುಹೋದಳು.

"ಓರ್ಲಾ!" ಮ್ಯಾಲಕಿಯ ಕೂಗು ಜೌಗನ್ನೆಲ್ಲ ದಾಟಿತು. "ಕಾಲು ಎಳೀಬೇಡ! ಹಿಂದಕ್ಕೆ ಒರಗು! ಮಲಗು ಮಗಳೇ, ಹಾಸಿಗೆ ಮೇಲೆ ಮಲಗಿದ ಹಾಗೆ ಮಲಗು! ನನ್ನನ್ನೇ ನೋಡು!"

ಅವನು ಹಲಗೆ ಎಸೆದು, ಅದರ ಮೇಲೆ ಹೊಟ್ಟೆ ಊರಿ ತೆವಳಿಕೊಂಡು ಹೋಗಿ ಅವಳ ಕಂಕುಳಿಗೆ ಕೈಹಾಕಿದ. ಜೌಗು ಕೊಸರಾಡಿ ಒಂದು ಬೂಟನ್ನು ಇಟ್ಟುಕೊಂಡು ಅವಳನ್ನು ಬಿಟ್ಟುಕೊಟ್ಟಿತು. ಇಬ್ಬರೂ ಹಲಗೆಯ ಮೇಲೆ ಏದುಸಿರು ಬಿಡುತ್ತ ಬಿದ್ದಿದ್ದರು, ಗುರುತು ಸಿಗದಷ್ಟು ಕರಿ.

ಆ ಸಂಜೆ ಊಟಕ್ಕೆ ಕೂತಾಗ ಹಳೆಯ ಬಿಗುಮಾನ ಮತ್ತೆ ಅಡ್ಡ ಬಂತು. "ಅಮ್ಮಾ, ಹೊಸ ಬೂಟು ತಗೊಳ್ಳೋಕೆ ಅವಳಿಗೆ—" ಎಂದು ಶುರುಮಾಡಿದ.

"ನನಗೆ ಕಿವಿ ಕೇಳಲ್ಲ," ಎಂದಳು ಡಿಂಪ್ನಾ. "ಇವತ್ತಿಂದ."

ಓರ್ಲಾ ಉಪ್ಪಿನ ಡಬ್ಬಿಯನ್ನು ಬೆರಳ ತುದಿಯಿಂದ ಅಪ್ಪನ ಕಡೆ ತಳ್ಳಿದಳು. "ಚಿಟಿಕೆ ಮಾತ್ರ," ಎಂದಳು. ಅವನು ಚಿಟಿಕೆ ಮಾತ್ರ ಹಾಕಿಕೊಂಡ.

ಜುಲೈ ಕೊನೆಗೆ ಮಳೆ ಹಿಡಿಯಿತು. ಮ್ಯಾಲಕಿ ದಿನವೂ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದ. ಮೊದಲ ವಾರ ನೆಲ ಬರೀ ಕಪ್ಪಾಯಿತು. ಎರಡನೇ ವಾರ ಹೆಜ್ಜೆಯ ಗುಂಡಿಗಳಲ್ಲಿ ನೀರು. ಆಗಸ್ಟಿನ ನಡುವೆ ಒಂದು ಬೆಳಿಗ್ಗೆ ಮಂಜು ಸರಿದಾಗ ಅವನು ದಿಬ್ಬದ ಮೇಲೆ ನಿಂತವನು ಹಾಗೇ ನಿಂತುಬಿಟ್ಟ. ಒಂಬತ್ತನೇ ನಂಬರು ಇರಲಿಲ್ಲ. ತಾನು ಮೂವತ್ತೆಂಟು ವರ್ಷ ಗೆರೆ ಎಳೆದಂತೆ ತೋಡಿದ ಕಾಲುವೆಗಳು ಒಂದೂ ಕಾಣಲಿಲ್ಲ. ಆ ತುದಿಯಿಂದ ಈ ತುದಿಗೆ ನೀರು, ಅದರೊಳಗೆ ಮೋಡವೆಲ್ಲ ಬಿದ್ದು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದು. ಅವನು ಟೋಪಿ ತೆಗೆದ. ಚರ್ಚಿನಲ್ಲೂ ಅಷ್ಟು ಮನಸ್ಸಿಟ್ಟು ತೆಗೆದವನಲ್ಲ. ಅಮ್ಮ ಸುಳ್ಳು ಹೇಳಿರಲಿಲ್ಲ ಎಂದು ಗಟ್ಟಿಯಾಗಿ, ಯಾರೂ ಇಲ್ಲದ ಕಡೆ, ಹೇಳಿಕೊಂಡ.

ಸೆಪ್ಟೆಂಬರಿನಲ್ಲಿ ಲಾಫ್ಟಸ್ ಬಂದು ನೋಡಿದ. ಒಳ್ಳೆಯ ಶೂ ಈ ಸಲ ಹಾಕಿಕೊಂಡು ಬಂದಿರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕದೆ ತಪ್ಪಿಸಿಕೊಳ್ಳಲು ಎರಡು ವಾರ ನೆಪ ಹುಡುಕಿದ. ಬರ್ನಿ ಬಿಂಗೋ ಹಾಳೆಯನ್ನು ಕಟ್ಟು ಹಾಕಿಸಿ ಯೂನಿಯನ್ನಿನ ಗೋಡೆಗೆ ತೂಗುಹಾಕಿದಳು, ನಲವತ್ತೊಂದು ಮಂದಿಯೂ ಓರ್ಲಾಳ ಬಳಗವೂ ಒಟ್ಟಿಗೇ ಗೇಟಿನ ಮುಂದೆ ನಿಂತರು. ಕೊನೆಗೆ ಸಹಿ ಬಿತ್ತು. ಉಳಿದ ಎಂಟು ಹೊಲಗಳ ಕೆಲಸ ಊರಿನವರಿಗೆ. ತಗಡಿನ ಗೂಡಿನ ಹದಿಮೂರು ಜನರೂ ಅದೇ ಪಟ್ಟಿಯಲ್ಲಿ, ಅದೇ ಕೂಲಿಗೆ.

ಅಕ್ಟೋಬರಿನ ಒಂದು ಭಾನುವಾರ ಪೂಜೆ ಮುಗಿಸಿ ಬಂದ ಕ್ರಿಸ್ಟಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಓಡಿಬಂದಿದ್ದ, ಮುಖ ಬಿಳಿಚಿತ್ತು. "ಡಿ-ಡಿಂಪ್ನಮ್ಮಾ," ಎಂದ, "ಬನ್ನಿ. ಬಂದು ನೋಡಿ."

ಕೊಟ್ಟಿಗೆಯಲ್ಲಿ ಆ ವರ್ಷದ ಹೆಂಟೆ ಇನ್ನೂ ಒಂದು ಮೂಲೆಯಷ್ಟು ಉಳಿದಿತ್ತು. ಡಿಂಪ್ನಾ ಕೋಟು ಹಾಕಿಕೊಂಡವಳು ಹೊರಡಲಿಲ್ಲ. "ಬ್ರೀಡಾ, ಮಾಳಿಗೆ ಮೇಲಿರೋ ನನ್ನಮ್ಮನ ಬಕೀಟು ತಾ," ಎಂದಳು.

ಅವಳೇ ಮಂಡಿಯೂರಿದಳು. ಅವಳೇ ಬೂದಿ ಸರಿಸಿ ಕೆಂಡಗಳನ್ನು ಒಂದೊಂದಾಗಿ ಬಕೀಟಿಗೆ ಹಾಕಿ, ಮೇಲೆ ಬೂದಿ ಹೊದಿಸಿದಳು.

ಹದಿನಾಲ್ಕು ಹಂಸಗಳಿದ್ದವು. ರಾತ್ರಿಯೆಲ್ಲ ಉತ್ತರದ ಸಮುದ್ರ ದಾಟಿ ಬಂದಿರಬೇಕು. ಬೆಳ್ಳಗೆ, ನೀಳ ಕತ್ತು ನೆಟ್ಟಗೆ, ಹಳದಿ ಕೊಕ್ಕು, ಎಪ್ಪತ್ತು ವರ್ಷ ಎಲ್ಲೋ ಹೋಗಿ ಬಂದವರು ತಮ್ಮ ಮನೆ ಹೊಕ್ಕಂತೆ ನೀರಿನ ನಡುವೆ ತೇಲುತ್ತಿದ್ದವು. ಅವುಗಳ ಕೂಗು ಜೌಗನ್ನೆಲ್ಲ ತುಂಬಿತ್ತು. ದಿಬ್ಬದ ಮೇಲೆ ಐವತ್ತು ಜನ ಸೇರಿದ್ದರು. ಕ್ರಿಸ್ಟಿ ಅಳುತ್ತಿದ್ದ, ಮುಚ್ಚಿಡಲೂ ಇಲ್ಲ.

"ಇಷ್ಟೇನಾ?" ಎಂದಳು ಡಿಂಪ್ನಾ. "ಆಗ ನೂರಾರಿರ್ತಿದ್ವು." ಆದರೆ ಮಗನ ತೋಳು ಹಿಡಿದು ಅವಳು ಒಂದೊಂದನ್ನೂ ಎಣಿಸುತ್ತಿದ್ದಳು.

ಹಲಗೆಯ ಮೇಲೆ ನಡೆಸಿಕೊಂಡು ಅವಳನ್ನು ನೀರಿನ ಅಂಚಿಗೆ ಕರೆದುಕೊಂಡು ಹೋದರು. ಅಲ್ಲಿಯೇ ಹಿಂದೆ ಮನೆಯ ದಂಡೆ ಇದ್ದದ್ದು. ಮ್ಯಾಲಕಿ ತಡೆಯಲಾರದೆ ಕೇಳಿದ, "ಅಮ್ಮಾ, ಇನ್ನೊಂದು ತಿಂಗಳಿಗೆ ಆಗೋಷ್ಟು ಹೆಂಟೆ ಇದೆ. ಈಗಲೇ ಯಾಕೆ?"

"ಒಬ್ಬಳೇ ಅಡುಗೆಮನೇಲಿ ಅದು ಆರೋದನ್ನ ನೋಡ್ತಾ ಕೂರ್ಲಾ? ನನ್ನಮ್ಮ ಜನರ ಎದುರಿಗೆ ಕೊಟ್ಟಿದ್ದು. ಜನರ ಎದುರಿಗೇ ಕಳಿಸ್ತೀನಿ."

ಅವಳು ಬಗ್ಗಿ ಬಕೀಟನ್ನು ಮೆಲ್ಲಗೆ ವಾಲಿಸಿದಳು. ಬೂದಿ ಮೊದಲು ಬಿತ್ತು, ಆಮೇಲೆ ಕೆಂಡ. ಚುಂಯ್ ಎಂದು ಬಿಳಿ ಹೊಗೆ ಎದ್ದಿತು. ಹತ್ತಿರದ ಹಂಸವೊಂದು ಕತ್ತು ಹೊರಳಿಸಿ ನೋಡಿ, ಮತ್ತೆ ನೀರಿಗೆ ತಲೆ ಹಾಕಿತು. ಜೌಗಿನಿಂದ ಬಂದದ್ದು ಜೌಗಿಗೆ ಹೋಯಿತು, ಅದಕ್ಕೆ ಹಿಡಿದದ್ದು ಒಂದು ಉಸಿರು ಬಿಡುವಷ್ಟು ಹೊತ್ತು.

"ಮುಗೀತು," ಎಂದಳು ಡಿಂಪ್ನಾ. ಬ್ರೀಡಾ ಅವಳ ಸೊಂಟ ಬಳಸಿ ಹಿಡಿದುಕೊಂಡಳು. "ಬ್ರೀಡಾ, ಆ ಕರೆಂಟು ಹೀಟರು ತಗೊಂಬರ್ತೀನಿ ಅಂದಿದ್ಯಲ್ಲ, ಎಲ್ಲಿ? ನನ್ನ ಮಂಡಿ ಕಾಯ್ತಿದೆ."

ಎಲ್ಲರೂ ಒಟ್ಟಿಗೆ ನಕ್ಕರು, ಒಟ್ಟಿಗೇ ಕಣ್ಣೊರೆಸಿಕೊಂಡರು. ಖಾಲಿ ಬಕೀಟು ಮ್ಯಾಲಕಿಯ ಕೈಯಲ್ಲಿ ಉಳಿದಿತ್ತು. ಅವನು ಅದನ್ನು ಎತ್ತ ಇಡುವುದೋ ತಿಳಿಯದೆ ಒಮ್ಮೆ ನೀರು ನೋಡಿದ, ಒಮ್ಮೆ ಜನರನ್ನು ನೋಡಿದ. ಆಮೇಲೆ ಮಗಳ ಹತ್ತಿರ ಹೋದ.

"ಓರ್ಲಾ," ಎಂದ. "ಇದನ್ನ ನೀನು ಇಟ್ಕೋ."

ಅವಳು ಕೈ ಚಾಚಿದಳು.

"ಹುಷಾರು ಮಗಳೇ," ಎಂದ ಮ್ಯಾಲಕಿ. "ಇನ್ನೂ ಬಿಸಿ ಇದೆ."